ಹೆಸರು ‘ಜಾರುಬಂಡೆ’, ಆದರೆ ಟೈರ್ ಜಾರುವುದಿಲ್ಲ: ಮೋಆಬ್ ಸೈಕಲ್ ಹಾದಿಗಳು ಮತ್ತು ಆರು ತಪ್ಪು ನಂಬಿಕೆಗಳು

ಕೆಂಪು ಬಂಡೆ, ಪಕ್ಕದಲ್ಲೇ ನೂರಾರು ಅಡಿ ಆಳದ ಕಣಿವೆ, ಆ ಅಂಚಿನಲ್ಲಿ ಸೈಕಲ್ ಓಡಿಸುತ್ತಿರುವ ಒಬ್ಬ ಸವಾರ. ಇಂಥ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ‘ಸಾವಿನ ಜೊತೆ ಸರಸ’ ಎಂಬಂಥ ಒಂದು ಸಾಲು ಕೆಳಗೆ ಸೇರಿಕೊಂಡಿರುತ್ತದೆ. ನೋಡಿ, ಅಬ್ಬಾ ಎಂದು, ಮುಂದಿನ ಗುಂಪಿಗೆ ಕಳಿಸುತ್ತೇವೆ.

ಇಂಥ ಹಲವು ವಿಡಿಯೊಗಳು ತಯಾರಾಗುವ ಊರು ಅಮೆರಿಕದ ಯೂಟಾ ರಾಜ್ಯದ ಮೋಆಬ್. ಅಲ್ಲಿ ಸವಾರರಿಗೆ ತೊಂದರೆ ಕೊಡುವುದು ವಿಡಿಯೊದಲ್ಲಿ ಕಾಣುವ ಪ್ರಪಾತ ಮಾತ್ರವಲ್ಲ. ವಿಡಿಯೊದಲ್ಲಿ ಕಾಣದ ಬಿಸಿಲು, ತೆಳುಗಾಳಿ ಮತ್ತು ಸಿಡಿಲು ಕೂಡ ಅಷ್ಟೇ ಅಪಾಯಕಾರಿ. ಇವುಗಳ ಬಗ್ಗೆ ನಮ್ಮಲ್ಲೂ ಹಲವು ತಪ್ಪು ನಂಬಿಕೆಗಳಿವೆ. ಲಡಾಖ್‌ಗೆ ಹೋಗುವವರಿಗೂ ಕಲಬುರಗಿಯ ಬಿಸಿಲಲ್ಲಿ ದುಡಿಯುವವರಿಗೂ ಅವು ಸಂಬಂಧಪಟ್ಟಿವೆ. ಒಂದೊಂದಾಗಿ ನೋಡೋಣ.

ಮೊದಲು, ಆ ಜಾಗ ಹೇಗಿದೆ?

ಮೋಆಬ್ ಕೊಲರಾಡೊ ನದಿಯ ಪಕ್ಕದ ಪುಟ್ಟ ಊರು. ಸಮುದ್ರಮಟ್ಟದಿಂದ ಸುಮಾರು 4,000 ಅಡಿ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 230 ಮಿಲಿಮೀಟರ್ ಮಾತ್ರ. ಬೆಂಗಳೂರಿನಲ್ಲಿ ಬೀಳುವುದರ ಕಾಲು ಭಾಗದಷ್ಟು ಎನ್ನಬಹುದು. ಇಂಥ ಎತ್ತರದ ಒಣ ನಾಡನ್ನು ಎತ್ತರದ ಮರುಭೂಮಿ ಎನ್ನುತ್ತಾರೆ. ಆದರೆ ಊರಿನ ಪೂರ್ವಕ್ಕೆ ತಿರುಗಿದರೆ ಲಾ ಸಾಲ್ ಬೆಟ್ಟಸಾಲು ಕಾಣುತ್ತದೆ. ಅದರ ಅತಿ ಎತ್ತರದ ಶಿಖರ ಮೌಂಟ್ ಪೀಲ್, 12,721 ಅಡಿ. ಅಲ್ಲಿ ಹಿಮ ಬೀಳುತ್ತದೆ, ದಟ್ಟ ಕಾಡಿದೆ.

1950ರ ದಶಕದಲ್ಲಿ ಈ ಸುತ್ತಿನಲ್ಲಿ ಯುರೇನಿಯಂ ಗಣಿಗಾರಿಕೆ ಜೋರಾಗಿತ್ತು. ಅದಿರು ಹುಡುಕುವವರು ಗುಡ್ಡಗಳಲ್ಲೆಲ್ಲ ಜೀಪು ಹೋಗುವಂಥ ದಾರಿ ಮಾಡಿದ್ದರು. ಗಣಿ ನಿಂತರೂ ದಾರಿ ಉಳಿದವು. ಮುಂದೆ ಅವುಗಳಲ್ಲಿ ಹಲವು ಸೈಕಲ್ ಸವಾರರ ಪಾಲಾದವು. ಇಲ್ಲಿ ‘ಮೌಂಟನ್ ಬೈಕ್’ ಎಂದರೆ ಮೋಟಾರ್‌ಬೈಕ್ ಎಂದುಕೊಳ್ಳಬೇಡಿ. ದಪ್ಪ ಟೈರ್, ಹಲವು ಗೇರ್, ಶಾಕ್ ಅಬ್ಸಾರ್ಬರ್ ಇರುವ, ಕಾಲಿನಿಂದ ತುಳಿಯುವ ಸೈಕಲ್ ಅದು.

ಇಲ್ಲಿನ ಅತಿ ಪ್ರಸಿದ್ಧ ಹಾದಿಗಳಲ್ಲಿ ಒಂದರ ಹೆಸರು ‘ಹೋಲ್ ಎಂಚಿಲಾಡಾ’. ಎಂಚಿಲಾಡಾ ಮೆಕ್ಸಿಕೊದ ಒಂದು ತಿಂಡಿ. ಆ ಪದಪುಂಜಕ್ಕೆ ಅಮೆರಿಕದವರ ಮಾತಿನಲ್ಲಿ ‘ಎಲ್ಲವೂ ಸೇರಿ’ ಎಂಬ ಅರ್ಥವಿದೆ. ಹೆಸರಿಗೆ ತಕ್ಕಂತೆ ಎಲ್ಲವೂ ಈ ಹಾದಿಯಲ್ಲಿವೆ. ಸವಾರರು ವ್ಯಾನಿನಲ್ಲಿ ಮೇಲಿನ ಕಾಡಿಗೆ ಹೋಗುತ್ತಾರೆ. ಹಾದಿಯ ತುದಿಯಾದ ಬರೋ ಪಾಸ್ ಕಣಿವೆದಾರಿ 11,000 ಅಡಿಗೂ ಎತ್ತರದಲ್ಲಿದೆ. ಅಲ್ಲಿಂದ ಫರ್, ಸ್ಪ್ರೂಸ್, ಆಸ್ಪೆನ್ ಮರಗಳ ಕಾಡು ದಾಟಿ, ಕುರುಚಲು ಓಕ್ ಗಿಡಗಳ ನಡುವೆ ಇಳಿದು, ಗಿಡ್ಡ ಜೂನಿಪರ್ ಮರಗಳ ಒಣ ಬಯಲಿಗೆ ಬಂದು, ಕೊನೆಗೆ ಬರೀ ಬಂಡೆಯ ಮೇಲೆ ಸಾಗಿ ಕೊಲರಾಡೊ ನದಿಯ ಹತ್ತಿರ ಮುಗಿಸುತ್ತಾರೆ. ಅಂದರೆ ಒಂದೇ ದಿನದಲ್ಲಿ ಸುಮಾರು 7,000 ಅಡಿ ಇಳಿಜಾರು. ಆಗುಂಬೆಯ ಕಾಡಿನಿಂದ ಹೊರಟು ಅದೇ ದಿನ ಸೈಕಲ್ ತುಳಿದು ರಾಯಚೂರಿನ ಬಿಸಿಲಿಗೆ ಬಂದ ಹಾಗೆ.

ಇಷ್ಟು ಬೇಗ ಹವೆ, ನೆಲ, ಗಾಳಿ ಎಲ್ಲವೂ ಬದಲಾಗುವುದರಿಂದಲೇ ಇಲ್ಲಿ ಜನ ಮೋಸಹೋಗುತ್ತಾರೆ.

ನಂಬಿಕೆ 1: ‘ಬಂಡೆಯ ಮೇಲೆ ಸೈಕಲ್ ಜಾರಿಯೇ ಜಾರುತ್ತದೆ’

ಮೋಆಬ್‌ನ ಇನ್ನೊಂದು ಪ್ರಸಿದ್ಧ ಹಾದಿಯ ಹೆಸರೇ ‘ಸ್ಲಿಕ್‌ರಾಕ್’, ಅಂದರೆ ಜಾರುಬಂಡೆ. 1969ರಲ್ಲಿ ಇದನ್ನು ಗುರುತಿಸಿದ್ದು ಮೋಟಾರ್‌ಸೈಕಲ್‌ಗಳಿಗಾಗಿ. ಸೈಕಲ್‌ಗಳು ಬಂದದ್ದು ಆಮೇಲೆ. ಹೆಸರು ಅದಕ್ಕಿಂತ ಹಳೆಯದು. ಹಿಂದಿನ ವಲಸಿಗರ ಕುದುರೆಗಳ ಕಬ್ಬಿಣದ ಲಾಳ ಈ ಬಂಡೆಯ ಮೇಲೆ ಜಾರುತ್ತಿತ್ತು. ಹಾಗಾಗಿ ಅವರು ಹಾಗೆ ಕರೆದರು.

ರಬ್ಬರ್ ಟೈರಿನ ಕಥೆ ಬೇರೆ. ಸುಮಾರು 19 ಕೋಟಿ ವರ್ಷಗಳ ಹಿಂದೆ ಇಲ್ಲಿ ದೊಡ್ಡ ಮರಳುದಿಬ್ಬಗಳಿದ್ದವು. ಕಾಲಕ್ರಮೇಣ ಆ ಮರಳು ಹೂತು, ಒತ್ತಡಕ್ಕೆ ಸಿಕ್ಕಿ, ಖನಿಜಗಳಿಂದ ಅಂಟಿಕೊಂಡು ಮರಳುಗಲ್ಲಾಯಿತು. ಅಂದರೆ ಬಂಡೆಯ ಮೇಲ್ಮೈ ಪೂರ್ತಿ ಮರಳಿನ ಕಣಗಳೇ. ಬಡಗಿ ಬಳಸುವ ಉಪ್ಪುಕಾಗದವನ್ನು ನೆನಪಿಸಿಕೊಳ್ಳಿ. ಮೆತ್ತನೆಯ ರಬ್ಬರ್ ಆ ಕಣಗಳ ನಡುವೆ ಒತ್ತಿ ಕೂರುವುದರಿಂದ ಟೈರಿಗೆ ಗಟ್ಟಿ ಹಿಡಿತ ಸಿಗುತ್ತದೆ. ವಿಡಿಯೊದಲ್ಲಿ ಅಸಾಧ್ಯ ಎನಿಸುವ ಏರನ್ನು ಸವಾರರು ಏರುವುದು ಹೀಗೆ.

ಆದರೆ ಎರಡು ಎಚ್ಚರಿಕೆ ಬೇಕು. ಬಿದ್ದರೆ ಆ ಉಪ್ಪುಕಾಗದಕ್ಕೆ ಸಿಗುವುದು ನಿಮ್ಮ ಚರ್ಮ. ಒದ್ದೆ ಬಂಡೆಯನ್ನು ಮತ್ತು ಬಂಡೆಯ ಮೇಲೆ ಉದುರಿದ ಮರಳನ್ನು ನಂಬುವಂತಿಲ್ಲ. ಬಂಡೆಯ ಮೇಲೆ ದಾರಿ ತೋರಿಸಲು ಬಿಳಿ ಬಣ್ಣದ ಗೀಟುಗಳನ್ನು ಬಳಿದಿದ್ದಾರೆ. ಅವನ್ನು ಬಿಟ್ಟು ಹೋದವರು ಪ್ರಪಾತದ ಅಂಚಿಗೆ ಹೋಗಿಬಿಡುವ ಸಾಧ್ಯತೆ ಇದೆ.

ನಂಬಿಕೆ 2: ‘ಎತ್ತರದಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಕರ್ಪೂರ ಮೂಸಿದರೆ ಸಾಕು’

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ. ಮಂಗಳೂರಿನ ಕಡಲ ತೀರದಲ್ಲೂ ಬರೋ ಪಾಸ್‌ನಲ್ಲೂ ಗಾಳಿಯ ಸುಮಾರು 21 ಶೇಕಡಾ ಆಮ್ಲಜನಕವೇ. ಬದಲಾಗುವುದು ಗಾಳಿಯ ಒತ್ತಡ. 11,000 ಅಡಿಯಲ್ಲಿ ಒತ್ತಡ ಕಡಲ ಮಟ್ಟದ ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಒಂದು ಉಸಿರಿಗೆ ಒಳಹೋಗುವ ಆಮ್ಲಜನಕವೂ ಅಷ್ಟಕ್ಕೆ ಇಳಿಯುತ್ತದೆ. ಲೇಹ್ ನಗರ ಇದಕ್ಕಿಂತ ಸ್ವಲ್ಪ ಮೇಲಿದೆ. ಅಲ್ಲಿ ಮೆಟ್ಟಿಲು ಹತ್ತಿದರೂ ಏದುಸಿರು ಬರುವುದು ಇದಕ್ಕೇ.

ಕರ್ಪೂರದ ಮಾತು 2021ರಲ್ಲಿ ಕೋವಿಡ್ ಎರಡನೇ ಅಲೆಯ ವೇಳೆ ಫೋನಿನಿಂದ ಫೋನಿಗೆ ಹರಿದಾಡಿತ್ತು. ಕರ್ಪೂರ, ಲವಂಗ, ಓಮವನ್ನು ಗಂಟು ಕಟ್ಟಿ ಮೂಸಿದರೆ ರಕ್ತದ ಆಮ್ಲಜನಕ ಏರುತ್ತದೆ ಎಂದು ಅದು ಹೇಳುತ್ತಿತ್ತು. ಬೆಟ್ಟದ ಯಾತ್ರೆಗೆ ಹೋಗುವವರೂ ಕರ್ಪೂರದ ಪೊಟ್ಟಣ ಇಟ್ಟುಕೊಳ್ಳುತ್ತಾರೆ. ಕರ್ಪೂರ ಮೂಗಿನೊಳಗೆ ತಣ್ಣನೆಯ ಅನುಭವ ಕೊಡುವುದರಿಂದ ಉಸಿರು ಸರಾಗವಾಯಿತು ಎನಿಸುವುದು ನಿಜ. ಆದರೆ ಅದು ಬರೀ ಅನಿಸಿಕೆ. ರಕ್ತಕ್ಕೆ ಸೇರುವ ಆಮ್ಲಜನಕ ಅದರಿಂದ ಹೆಚ್ಚುವುದಿಲ್ಲ. ಇದರಲ್ಲೇ ಅಪಾಯವಿದೆ, ಏಕೆಂದರೆ ‘ಈಗ ಪರವಾಗಿಲ್ಲ’ ಎಂದುಕೊಂಡು ಕೆಳಗಿಳಿಯಬೇಕಾದವರು ಮೇಲೆಯೇ ಉಳಿಯುತ್ತಾರೆ. ಕರ್ಪೂರ ಹೊಟ್ಟೆಗೆ ಹೋದರಂತೂ ವಿಷ. ಮಕ್ಕಳಿಗೆ ಸ್ವಲ್ಪ ಹೋದರೂ ಫಿಟ್ಸ್ ಬರಬಹುದು.

ಎತ್ತರದ ಕಾಯಿಲೆ ಸಾಮಾನ್ಯವಾಗಿ ಮೇಲೆ ತಲುಪಿ ಕೆಲವು ಗಂಟೆಗಳಾದ ಮೇಲೆ ಶುರುವಾಗುತ್ತದೆ. ತಲೆನೋವು, ವಾಕರಿಕೆ, ಸುಸ್ತು, ನಿದ್ದೆ ಬಾರದಿರುವುದು ಅದರ ಲಕ್ಷಣಗಳು. ಮೋಆಬ್‌ನಲ್ಲಿ ವ್ಯಾನಿನಿಂದ ಇಳಿದವರು ಬೇಗ ಕೆಳಕ್ಕೆ ಬಂದುಬಿಡುವುದರಿಂದ ಅವರಿಗೆ ಹೆಚ್ಚಾಗಿ ಏದುಸಿರು, ದಣಿವು ಮಾತ್ರ ಕಾಣುತ್ತದೆ. ಲೇಹ್‌ಗೆ ವಿಮಾನದಲ್ಲಿ ಇಳಿದವರು ರಾತ್ರಿಯೂ ಅಲ್ಲೇ ಇರುತ್ತಾರೆ. ಹಾಗಾಗಿ ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕು. ತಲೆನೋವು ಹೆಚ್ಚುತ್ತಾ ಹೋದರೆ, ನಡಿಗೆ ತಪ್ಪಿದರೆ, ಸುಮ್ಮನೆ ಕೂತಾಗಲೂ ಉಸಿರಾಡಲು ಕಷ್ಟವಾದರೆ ತಡಮಾಡದೆ ಕೆಳಗಿಳಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು.

ನಂಬಿಕೆ 3: ‘ಬೆವರೇ ಬಂದಿಲ್ಲ, ನೀರೇನು ಬೇಕು?’

ಬೆವರು ಬಂದಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ.

ಬೆವರು ಆವಿಯಾಗುವಾಗ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅದು ಬೇಗ ಆವಿಯಾಗದೆ ಅಂಗಿ ತೊಯ್ದು ತೊಪ್ಪೆಯಾಗುತ್ತದೆ. ಏಪ್ರಿಲ್‌ನ ಕಲಬುರಗಿಯಲ್ಲಿ ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಮೋಆಬ್‌ನ ಗಾಳಿಯೂ ಹಾಗೇ ಒಣ. ಅಂಗಿ ಒಣಗಿದಂತೆಯೇ ಇರುತ್ತದೆ, ಸಂಜೆ ನೋಡಿದರೆ ಬೆನ್ನ ಮೇಲೆ ಉಪ್ಪಿನ ಬಿಳಿ ಕಲೆ. ಬಿಸಿಲಲ್ಲಿ ಸೈಕಲ್ ತುಳಿಯುವವರ ಮೈಯಿಂದ ಗಂಟೆಗೆ ಒಂದು ಲೀಟರ್‌ವರೆಗೂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೂ ನೀರು ಹೋಗಬಹುದು.

ಬೆಟ್ಟದಿಂದ ಮರುಭೂಮಿಗೆ ಇಳಿಯುವ ಹಾದಿಯಲ್ಲಿ ಇನ್ನೂ ಒಂದು ತೊಡಕಿದೆ. ಸಾಮಾನ್ಯವಾಗಿ 1,000 ಮೀಟರ್ ಇಳಿದರೆ ತಾಪಮಾನ ಸುಮಾರು 6.5 ಡಿಗ್ರಿ ಏರುತ್ತದೆ. ಒಣ ಮಧ್ಯಾಹ್ನಗಳಲ್ಲಿ ಇದು ಇನ್ನೂ ಹೆಚ್ಚಿರಬಹುದು. 7,000 ಅಡಿ ಎಂದರೆ 2,100 ಮೀಟರಿಗೂ ಹೆಚ್ಚು. ಬೆಳಿಗ್ಗೆ ಕಾಡಿನಲ್ಲಿ ಜಾಕೆಟ್ ಹಾಕಿಕೊಂಡು ಹೊರಟವರು ಮಧ್ಯಾಹ್ನ ಕನಿಷ್ಠ 14 ಡಿಗ್ರಿ ಹೆಚ್ಚು ಬಿಸಿಯಿರುವ ಬಂಡೆಗೆ ಬಂದಿರುತ್ತಾರೆ. ಮೇಲೆ ಚಳಿಯಲ್ಲಿ ಬಾಯಾರಿಕೆಯೇ ಆಗದೆ ನೀರು ಕುಡಿದಿರುವುದಿಲ್ಲ. ಕೆಳಗಿನ ಭಾಗದಲ್ಲಿ ಕುಡಿಯುವ ನೀರೂ ಇಲ್ಲ, ನೆರಳೂ ಅಷ್ಟಕ್ಕಷ್ಟೆ. ದಣಿವು, ಬಿಸಿಲು, ಕಷ್ಟದ ದಾರಿ ಮೂರೂ ಒಟ್ಟಿಗೆ ಬರುವುದು ಈ ಕೊನೆಯ ಭಾಗದಲ್ಲೇ.

ಬಿಸಿಲಲ್ಲಿದ್ದವರು ತಡವರಿಸಿ ಮಾತಾಡಿದರೆ, ತೂರಾಡಿದರೆ, ಗೊಂದಲಕ್ಕೊಳಗಾದರೆ ಅದು ಬಿಸಿಲಾಘಾತ ಇರಬಹುದು. ಕೂಡಲೇ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತಾ ಸಹಾಯಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ನಂಬಿಕೆ 4: ‘ಎಷ್ಟು ನೀರು ಕುಡಿದರೆ ಅಷ್ಟು ಒಳ್ಳೆಯದು’

ಮೇಲಿನದನ್ನು ಓದಿದ ಮೇಲೆ ಹೀಗೆ ಅನಿಸುವುದು ಸಹಜ. ಆದರೆ ಇದೂ ತಪ್ಪು.

ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಗಂಟೆಗಟ್ಟಲೆ ಬೆವರಿದವರು ಬರೀ ನೀರನ್ನೇ ಒಂದಾದ ಮೇಲೊಂದು ಬಾಟಲಿ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಸಾರಿಗೆ ನೀರು ಸುರಿದಂತೆ. ಆಗ ಮಿದುಳಿನ ಕೋಶಗಳು ಊದಿಕೊಂಡು ತಲೆನೋವು, ವಾಂತಿ, ಗೊಂದಲ, ಅತಿಯಾದರೆ ಫಿಟ್ಸ್, ಸಾವು ಕೂಡ ಆಗಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ ಓಟಗಾರರಲ್ಲಿ 13 ಶೇಕಡಾ ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ಓಟದ ವೇಳೆ ವಿಪರೀತ ಕುಡಿದು ಮೈತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚಾಗಿ ಕಂಡಿತು.

ನೀರು ಕಡಿಮೆಯಾದವರಿಗೂ ನೀರು ಹೆಚ್ಚಾದವರಿಗೂ ಲಕ್ಷಣಗಳು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ‘ತಲೆನೋವಾ, ಇನ್ನಷ್ಟು ನೀರು ಕುಡಿ’ ಎಂದು ಒತ್ತಾಯಿಸುವ ಮುಂಚೆ ಈಗಾಗಲೇ ಎಷ್ಟು ಕುಡಿದಿದ್ದಾರೆ, ಏನಾದರೂ ತಿಂದಿದ್ದಾರಾ ಎಂದು ಕೇಳಿ.

ಸರಳ ದಾರಿ ಇದು: ಬಾಯಾರಿಕೆಯಾದಾಗ ಕುಡಿಯಿರಿ, ಆಗಾಗ ಗುಟುಕರಿಸಿ, ಜೊತೆಗೆ ಉಪ್ಪು ಇರುವ ತಿಂಡಿ ತಿನ್ನಿ. ಉಪ್ಪು ಹಾಕಿದ ನೀರುಮಜ್ಜಿಗೆ, ಓಆರ್‌ಎಸ್ ಎರಡೂ ಒಳ್ಳೆಯವು. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಬಹುದು. ಕಿಡ್ನಿ, ಹೃದಯ, ಬಿ.ಪಿ. ತೊಂದರೆ ಇರುವವರು ನೀರು, ಉಪ್ಪಿನ ಅಳತೆಯನ್ನು ತಮ್ಮ ವೈದ್ಯರನ್ನೇ ಕೇಳಬೇಕು.

ನಂಬಿಕೆ 5: ‘ರಬ್ಬರ್ ಟೈರ್ ಇದ್ದರೆ ಸಿಡಿಲು ತಟ್ಟುವುದಿಲ್ಲ’

ಇದನ್ನು ನಮ್ಮ ಊರುಗಳಲ್ಲೂ ಧೈರ್ಯವಾಗಿ ಹೇಳುವವರಿದ್ದಾರೆ. ಸ್ವಲ್ಪ ಯೋಚಿಸಿ ನೋಡಿ. ಗಾಳಿ ಸುಲಭವಾಗಿ ವಿದ್ಯುತ್ ಹರಿಯಲು ಬಿಡದ ವಸ್ತು. ಅಂಥ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ದಾರಿ ಮಾಡಿಕೊಂಡು ಬಂದ ಸಿಡಿಲನ್ನು ಎರಡು ಬೆರಳು ದಪ್ಪದ ರಬ್ಬರ್ ತಡೆಯುತ್ತದೆಯೇ?

ಕಾರಿನಲ್ಲಿ ಕೂತವರು ಬಚಾವಾಗುವುದಕ್ಕೆ ಕಾರಣ ಟೈರಲ್ಲ. ಸುತ್ತಲಿನ ಲೋಹದ ಕವಚವು ವಿದ್ಯುತ್ತನ್ನು ಹೊರಮೈಯಲ್ಲೇ ಹರಿಸಿ ನೆಲಕ್ಕೆ ಸಾಗಿಸುತ್ತದೆ. ಸೈಕಲ್, ಸ್ಕೂಟರ್, ಮೋಟಾರ್‌ಬೈಕಿಗೆ ಅಂಥ ಕವಚವಿಲ್ಲ. ಮೇಲ್ಛಾವಣಿಯಿಲ್ಲದ ಟ್ರ್ಯಾಕ್ಟರಿಗೂ ಇಲ್ಲ.

ಮೋಆಬ್ ಸುತ್ತ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ತಿಳಿಯಾಗಿದ್ದ ಆಕಾಶದಲ್ಲಿ ಮಧ್ಯಾಹ್ನ ಗುಡುಗು ಮೋಡ ಕಟ್ಟುವುದು ಸಾಮಾನ್ಯ. ಬೋಳು ದಿಣ್ಣೆಯ ಮೇಲಿನ ಸವಾರನೇ ಆಗ ಸುತ್ತಲಿನ ಎತ್ತರದ ವಸ್ತು. ಒಂಟಿ ಮರದ ಕೆಳಗೆ ನಿಲ್ಲುವುದು ಇನ್ನೂ ಕೆಟ್ಟದ್ದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆಯಲ್ಲಿ ಹೊಲದ ಮರದಡಿ ನಿಂತವರು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಗುಡುಗು ಕಿವಿಗೆ ಬಿತ್ತೆಂದರೆ ನೀವು ಸಿಡಿಲು ಬಡಿಯಬಹುದಾದ ದೂರದಲ್ಲಿದ್ದೀರಿ ಎಂದರ್ಥ. ಗಟ್ಟಿ ಕಟ್ಟಡ ಅಥವಾ ಮುಚ್ಚಿದ ಕಾರಿಗೆ ಸೇರಿಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಬರಬೇಡಿ.

ಅದೇ ಮಳೆಯ ಇನ್ನೊಂದು ಅಪಾಯ ದಿಢೀರ್ ಪ್ರವಾಹ. ಬಂಡೆ ನೀರು ಕುಡಿಯುವುದಿಲ್ಲ, ಬಿದ್ದಷ್ಟೂ ಹರಿದುಬಿಡುತ್ತದೆ. ದೂರದ ಬೆಟ್ಟದಲ್ಲಿ ಮಳೆಯಾದರೆ ನೀವು ನಿಂತ ಒಣ ಹಳ್ಳಕ್ಕೆ, ತಲೆ ಮೇಲೆ ಬಿಸಿಲಿರುವಾಗಲೇ, ಕೆಸರುನೀರು ನುಗ್ಗಬಹುದು.

ನಂಬಿಕೆ 6: ‘ಮರುಭೂಮಿಯ ಮಣ್ಣು ಸತ್ತ ಮಣ್ಣು, ಎಲ್ಲಿ ಓಡಿಸಿದರೇನು?’

ಆರು ನಂಬಿಕೆಗಳಲ್ಲಿ ಅತಿ ಹೆಚ್ಚು ಜನರಿಗೆ ನಷ್ಟ ತರುವುದು ಇದೇ ಇರಬಹುದು.

ಮೋಆಬ್ ಸುತ್ತಿನ ನೆಲದಲ್ಲಿ ಅಲ್ಲಲ್ಲಿ ಕಪ್ಪಗೆ, ಉಬ್ಬುಬ್ಬಾಗಿ, ಸುಟ್ಟು ಹೆಪ್ಪುಗಟ್ಟಿದಂತೆ ಕಾಣುವ ಮಣ್ಣಿದೆ. ಅದು ಜೀವಂತ ಪದರ. ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವ ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಸೇರಿ ಮಾಡಿದ ಹೊದಿಕೆ. ಇದೇ ಬಳಗದ ಪಾಚಿಯನ್ನು ನಮ್ಮಲ್ಲಿ ಭತ್ತದ ಗದ್ದೆಗೆ ಜೈವಿಕ ಗೊಬ್ಬರವಾಗಿ ಹಾಕುತ್ತಾರೆ, ಏಕೆಂದರೆ ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗುವಂತೆ ಮಾಡುತ್ತದೆ. ಮರುಭೂಮಿಯಲ್ಲೂ ಅದು ಅದೇ ಕೆಲಸ ಮಾಡುತ್ತದೆ. ಜೊತೆಗೆ ಈ ಜೀವಿಗಳು ಒದ್ದೆಯಾದಾಗ ಮರಳಿನ ನಡುವೆ ಹರಿದಾಡಿ ಅಂಟಂಟಾದ ಎಳೆಗಳನ್ನು ಬಿಡುತ್ತವೆ. ಒಣಗಿದ ಮೇಲೆ ಆ ಎಳೆಗಳು ಮರಳನ್ನು ಹೊಲಿದಂತೆ ಹಿಡಿದಿಡುತ್ತವೆ. ಗಾಳಿಗೂ ಮಳೆಗೂ ಮಣ್ಣು ಕೊಚ್ಚಿಹೋಗುವುದಿಲ್ಲ.

ಒಣಗಿದ ಪದರ ಹಪ್ಪಳದಂತೆ. ಒಂದು ಹೆಜ್ಜೆ ಇಟ್ಟರೆ ಮುರಿಯುತ್ತದೆ. ಸೈಕಲ್ ಟೈರ್ ಉದ್ದಕ್ಕೂ ಗೆರೆ ಎಳೆದಂತೆ ಮುರಿಯುತ್ತದೆ, ಇಳಿಜಾರಿನಲ್ಲಿ ಆ ಗೆರೆಯೇ ಮಳೆನೀರಿನ ಕಾಲುವೆಯಾಗುತ್ತದೆ. ಮತ್ತೆ ಬೆಳೆಯಲು ವರ್ಷಗಳು, ಕೆಲವು ಭಾಗಗಳಿಗೆ ದಶಕಗಳೇ ಬೇಕು.

ಇದರ ಪರಿಣಾಮ ಬೆಟ್ಟದವರೆಗೂ ತಲುಪುತ್ತದೆ. ಪದರ ಹರಿದ ನೆಲದ ಧೂಳು ವಸಂತದ ಗಾಳಿಯಲ್ಲಿ ಹಾರಿ ಪಕ್ಕದ ಕೊಲರಾಡೊ ರಾಜ್ಯದ ಬೆಟ್ಟಗಳ ಹಿಮದ ಮೇಲೆ ಕೂರುತ್ತದೆ. ಬಿಸಿಲಲ್ಲಿ ಬಿಳಿ ಪಂಚೆಗಿಂತ ಕಪ್ಪು ಬಟ್ಟೆ ಬೇಗ ಕಾಯುವಂತೆ, ಧೂಳು ಬಿದ್ದ ಹಿಮ ಹೆಚ್ಚು ಬಿಸಿಲು ಹೀರಿ ಕೆಲವು ವಾರ ಮೊದಲೇ ಕರಗಿಬಿಡುತ್ತದೆ. ಅದೇ ಹಿಮದ ನೀರು ಕೊಲರಾಡೊ ನದಿಗೆ ಬರುತ್ತದೆ. ಆ ನದಿಯನ್ನು ನಂಬಿರುವವರು ಸುಮಾರು 4 ಕೋಟಿ ಜನ. ಬೇಸಿಗೆಯಲ್ಲಿ ಬೇಕಾದ ನೀರು ಮುಂಚೆಯೇ ಹರಿದುಹೋದರೆ ಅವರಿಗೆ ಕಷ್ಟ.

ಇಷ್ಟಕ್ಕೂ ಸೈಕಲ್ ಸವಾರರೇ ಹೊಣೆ ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನಡೆದ ಭಾರಿ ದನ ಮೇಯಿಸುವಿಕೆ ಪದರವನ್ನು ದೊಡ್ಡ ಪ್ರಮಾಣದಲ್ಲಿ ಕೆಡಿಸಿತು. ಬೆಟ್ಟದ ಕೆರೆಗಳ ತಳದ ಕೆಸರಿನಲ್ಲಿ ಆ ಕಾಲದಿಂದ ಧೂಳು ಹಲವು ಪಟ್ಟು ಏರಿದ್ದು ದಾಖಲಾಗಿದೆ. ದಾರಿ ಬಿಟ್ಟು ಓಡುವ ಜೀಪುಗಳೂ ಇದಕ್ಕೆ ಸೇರಿಕೊಂಡಿವೆ. ಹಾದಿಯ ಮೇಲೆಯೇ ಹೋಗುವ ಸೈಕಲ್‌ನಿಂದ ಈ ಪದರಕ್ಕೆ ಹೊಸ ಹಾನಿಯಿಲ್ಲ. ಫೋಟೊಗಾಗಿ, ಇನ್ನೊಬ್ಬರನ್ನು ಹಿಂದಿಕ್ಕಲು, ನೀರು ನಿಂತ ಗುಂಡಿ ತಪ್ಪಿಸಲು ಪಕ್ಕದ ಮಣ್ಣಿಗೆ ಇಳಿದಾಗ ಹಾನಿ ಶುರು. ಹಾಗಾಗಿಯೇ ಅಲ್ಲಿ ‘ಹಾದಿ ಬಿಡಬೇಡಿ, ಬಿಡಲೇಬೇಕಾದರೆ ಬಂಡೆಯ ಮೇಲೆ ಅಥವಾ ಒಣ ಹಳ್ಳದ ಮರಳಿನಲ್ಲಿ ಹೆಜ್ಜೆ ಇಡಿ’ ಎನ್ನುತ್ತಾರೆ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ಅಮೆರಿಕದಲ್ಲಿರುವ ಮಗ, ಮಗಳು, ಗೆಳೆಯರು ಮೋಆಬ್ ಕಡೆ ಹೊರಟಿದ್ದರೆ, ಅಥವಾ ನೀವೇ ಲಡಾಖ್‌ಗೆ ಹೊರಟಿದ್ದರೆ, ಈ ಸಾಲುಗಳು ಸಾಕು:

• ಗಾಳಿ ಒಣಗಿದ್ದರೆ ಬೆವರು ಕಾಣದು. ತಣ್ಣಗಿರುವಾಗಲೂ ಗುಟುಕು ಗುಟುಕಾಗಿ ನೀರು ಕುಡಿಯಿರಿ, ಜೊತೆಗೆ ಉಪ್ಪಿನ ತಿಂಡಿ ಇರಲಿ. ಬರೀ ನೀರನ್ನು ಬಲವಂತವಾಗಿ ಕುಡಿಯಬೇಡಿ.

• ಎತ್ತರದಲ್ಲಿ ತಲೆನೋವು ಹೆಚ್ಚುತ್ತಿದ್ದರೆ ಕರ್ಪೂರ ಬೇಡ, ಕೆಳಗಿಳಿಯಿರಿ.

• ಗುಡುಗು ಕೇಳಿದರೆ ಸೈಕಲ್ಲಾಗಲಿ ಬೈಕಾಗಲಿ ಬಿಟ್ಟು ಕಟ್ಟಡ ಅಥವಾ ಕಾರಿಗೆ ಸೇರಿ. ಟೈರ್ ಕಾಪಾಡುವುದಿಲ್ಲ. ಒಣ ಹಳ್ಳದಲ್ಲಿ ನಿಲ್ಲಬೇಡಿ.

• ಹಾದಿ ಬಿಟ್ಟು ಮಣ್ಣಿಗೆ ಇಳಿಯಬೇಡಿ.

• ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಒಬ್ಬರಿಗೆ ಹೇಳಿ ಹೋಗಿ. ಇಂಥ ಕಣಿವೆಗಳಲ್ಲಿ ಫೋನ್ ಸಿಗ್ನಲ್ ಸಿಗುತ್ತದೆಂಬ ಭರವಸೆಯಿಲ್ಲ. ತುರ್ತು ಸಂಖ್ಯೆ ಅಮೆರಿಕದಲ್ಲಿ 911, ಭಾರತದಲ್ಲಿ 112.

ಮುಂದಿನ ಸಲ ಬಂಡೆಯ ಅಂಚಿನ ಆ ವಿಡಿಯೊ ಬಂದಾಗ ಸವಾರನ ಬೆನ್ನಿಗೆ ಕಟ್ಟಿಕೊಂಡ ನೀರಿನ ಚೀಲವನ್ನೂ ಬಂಡೆಯ ಮೇಲಿನ ಬಿಳಿ ಗೀಟುಗಳನ್ನೂ ಹುಡುಕಿ ನೋಡಿ. ಅವನು ಕ್ಷೇಮವಾಗಿ ಮನೆಗೆ ತಲುಪುವುದರಲ್ಲಿ ಅವುಗಳ ಪಾಲೂ ಇದೆ.